ಒಂದೇ ನಾಣ್ಯಕ್ಕೆ ಮೊದಲು ಒಂದೇ ಸಂತೆ

ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯ ಕಡೆಯಿಂದ ಹೊರಟ ಬೆಲ್ಲದ ಪೆಂಟಿ ಸಂಕೇಶ್ವರ ದಾಟಿ ಗಡಹಿಂಗ್ಲಜಕ್ಕೋ ಕೊಲ್ಹಾಪುರಕ್ಕೋ ಹೋದರೆ ರಾಜ್ಯ ಬದಲಾಗುತ್ತದೆ, ಅಂಗಡಿ ಫಲಕದ ಭಾಷೆ ಬದಲಾಗುತ್ತದೆ. ರೂಪಾಯಿ ಮಾತ್ರ ಅದೇ. ಹಿಂದೆ ಹೀಗಿರಲಿಲ್ಲ. ಮರಾಠರ ಕಾಲದಲ್ಲಿ ಗೋಕಾಕದಲ್ಲೇ ಟಂಕಸಾಲೆ ಇತ್ತು. ಅಲ್ಲಿನ ಬೆಳ್ಳಿ ರೂಪಾಯಿಯ ಮೇಲೆ ಮೊಗಲ್ ಬಾದಶಹನ ಹೆಸರಿನ ಜೊತೆಗೆ 'ಆಜಮನಗರ ಗೋಕಾಕ' ಎಂಬ ಗುರುತು. ಬಾಗಲಕೋಟೆಯ ರೂಪಾಯಿ ಬೇರೆ, ಕೊಲ್ಹಾಪುರದ್ದು ಬೇರೆ. ಸರಾಫ ತೂಕ ನೋಡಿ, ಬೆಳ್ಳಿಯ ಗುಣ ನೋಡಿ, ವಟ್ಟ ಮುರಿದುಕೊಂಡ ಮೇಲೆಯೇ ವ್ಯವಹಾರ. 1835ರ ಕಾಯ್ದೆಯಿಂದ ಕಂಪನಿ ಆಳ್ವಿಕೆಯ ಸೀಮೆಗೆಲ್ಲ ಒಂದೇ ತೂಕದ ರೂಪಾಯಿ ಬಂತು. ಯಾರೂ ಕೂತು ಒಪ್ಪಂದ ಮಾಡಿಕೊಂಡದ್ದಲ್ಲ, ಗೆದ್ದವರು ಹೇರಿದ್ದು.

ನೆರೆದೇಶಗಳೆಲ್ಲ ಒಪ್ಪಿ ಒಂದೇ ನಾಣ್ಯ ಬಳಸಬೇಕೆಂಬ ಆಸೆ ನಮ್ಮಲ್ಲೂ ಆಗಾಗ ತಲೆಯೆತ್ತುತ್ತದೆ. 2003ರ ಕೊನೆಯಲ್ಲಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರೇ ದಕ್ಷಿಣ ಏಷ್ಯಾಕ್ಕೆ ಸಮಾನ ನಾಣ್ಯದ ಮಾತಾಡಿದ್ದರು. ಆಸೆ ದೊಡ್ಡದು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಈ ಉಪಖಂಡದಲ್ಲಿ ಅಂಥ ನಾಣ್ಯ ಒಮ್ಮೆ ಇತ್ತು, ನಮ್ಮ ಹಿರಿಯರ ಕಣ್ಣೆದುರೇ ಅದು ಒಡೆಯಿತು ಎಂಬುದನ್ನು ಮೊದಲು ನೆನೆಯಬೇಕು.

ದೇಶ ಇಬ್ಭಾಗವಾದ ಮೇಲೂ ಭಾರತೀಯ ರಿಸರ್ವ್ ಬ್ಯಾಂಕೇ ಎರಡೂ ದೇಶಗಳ ಕೇಂದ್ರ ಬ್ಯಾಂಕಾಗಿತ್ತು. 'ಪಾಕಿಸ್ತಾನ ಸರ್ಕಾರ' ಎಂದು ಅಚ್ಚೊತ್ತಿದ ಭಾರತದ ನೋಟುಗಳೇ ಅಲ್ಲಿ ಚಲಾವಣೆಯಲ್ಲಿದ್ದವು. 1948ರ ಸೆಪ್ಟೆಂಬರ್‌ವರೆಗೆ ನಡೆಯಬೇಕಿದ್ದ ಈ ಏರ್ಪಾಡು ಜೂನ್‌ಗೇ ಮುಗಿಯಿತು. ಕಾಶ್ಮೀರದ ಯುದ್ಧ, ಪಾಕಿಸ್ತಾನದ ಪಾಲಿನ 55 ಕೋಟಿ ರೂಪಾಯಿ ತಡೆಹಿಡಿದ ವಿವಾದಗಳ ನಡುವೆ ಒಬ್ಬರ ಖಜಾನೆಯನ್ನು ಇನ್ನೊಬ್ಬರು ನಂಬುವ ಸ್ಥಿತಿ ಉಳಿದಿರಲಿಲ್ಲ. 1949ರ ಸೆಪ್ಟೆಂಬರ್‌ನಲ್ಲಿ ಪೌಂಡಿನ ಹಿಂದೆಯೇ ಭಾರತ ತನ್ನ ರೂಪಾಯಿಯ ಬೆಲೆ ಇಳಿಸಿತು, ಪಾಕಿಸ್ತಾನ ಇಳಿಸಲಿಲ್ಲ. ಸರಿಸಮವಾಗಿದ್ದ ನಾಣ್ಯಗಳಲ್ಲಿ ಅಲ್ಲಿನ 100 ರೂಪಾಯಿಗೆ ಇಲ್ಲಿನ 144 ಕೊಡಬೇಕಾಯಿತು. ಭಾರತ ಆ ದರ ಒಪ್ಪಲಿಲ್ಲ. ವ್ಯಾಪಾರ ಹೆಚ್ಚುಕಡಿಮೆ ನಿಂತೇ ಹೋಯಿತು. ಕಲ್ಕತ್ತದ ಗಿರಣಿಗೆ ಸೆಣಬಿಲ್ಲ, ಪೂರ್ವ ಬಂಗಾಳದ ಸೆಣಬಿನ ರೈತನಿಗೆ ಗಿರಾಕಿಯಿಲ್ಲ. ತಿದ್ದಿಕೊಳ್ಳಲು 1951ರವರೆಗೆ ಕಾಯಬೇಕಾಯಿತು.

ಒಂದೇ ದೇಶದೊಳಗೂ ಇದು ಸಲೀಸಲ್ಲ. ಬೀದರ್, ಕಲಬುರಗಿ, ರಾಯಚೂರುಗಳಲ್ಲಿ ನಿಜಾಮರ ಹಾಲಿ ಸಿಕ್ಕಾ ನಡೆಯುತ್ತಿತ್ತು. ಅದರ ಏಳು ರೂಪಾಯಿ ಭಾರತದ ಆರಕ್ಕೆ ಸಮ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿದರೂ ಆ ಸಿಕ್ಕಾ ಪೂರ್ತಿ ರದ್ದಾದದ್ದು 1959ರಲ್ಲಿ. ಸೈನ್ಯ ಕೆಲವೇ ದಿನಗಳಲ್ಲಿ ಮುಗಿಸಿದ ಕೆಲಸ ಜೇಬಿಗೆ ಇಳಿಯಲು ದಶಕವೇ ಬೇಕಾಯಿತು.

ಕೆನಡಾದ ಅರ್ಥಶಾಸ್ತ್ರಜ್ಞ ರಾಬರ್ಟ್ ಮುಂಡೆಲ್ 1961ರಲ್ಲೇ ಇದರ ಮರ್ಮ ಹೇಳಿದ್ದರು. ಒಂದೇ ನಾಣ್ಯವಿರುವ ಸೀಮೆಯಲ್ಲಿ ಒಂದು ಕಡೆ ಬರ ಬಂದರೆ ಅಲ್ಲಿನವರು ನಾಣ್ಯದ ಬೆಲೆ ಇಳಿಸಿ ಚೇತರಿಸಿಕೊಳ್ಳಲಾರರು. ಹಾಗಾಗಿ ಜನ ಕೆಲಸ ಹುಡುಕಿಕೊಂಡು ಹೋಗುವಂತಿರಬೇಕು. ನಮ್ಮ ಘಟಪ್ರಭೆಯ ಸೀಮೆಗೆ ಇದನ್ನು ಪುಸ್ತಕದಿಂದ ತಿಳಿಯಬೇಕಾಗಿಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಮಳೆ ಕೈಕೊಟ್ಟ ಕುಟುಂಬಗಳು ಕಬ್ಬು ಕಡಿಯಲು ಗ್ಯಾಂಗು ಕಟ್ಟಿಕೊಂಡು ಬೆಳಗಾವಿ ಜಿಲ್ಲೆಗೂ ಬರುತ್ತವೆ. ಗಡಿ ವಿವಾದ ಎಷ್ಟೇ ಕಾವೇರಲಿ, ಅವರಿಗೆ ವೀಸಾ ಬೇಕಿಲ್ಲ. ಢಾಕಾದ ಕೂಲಿಗೋ ಕರಾಚಿಯ ನೇಕಾರನಿಗೋ ಆ ದಾರಿ ಇದೆಯೇ?

ಜನರ ಓಡಾಟವೊಂದೇ ಸಾಲದು, ಹಣವೂ ಹಂಚಿಕೆಯಾಗಬೇಕು. ಹದಿನಾಲ್ಕನೆಯ ಹಣಕಾಸು ಆಯೋಗ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕಕ್ಕೆ ಶೇ 4.713 ಪಾಲು ಕೊಟ್ಟಿತ್ತು, ಹದಿನೈದನೆಯದು ಶೇ 3.647ಕ್ಕೆ ಇಳಿಸಿತು. ನಮಗಿದು ನೋವಿನ ಸಂಗತಿ, ಪ್ರತಿಭಟಿಸಬೇಕಾದದ್ದೇ. ಆದರೂ ಉಳ್ಳ ರಾಜ್ಯ ಇಲ್ಲದ ರಾಜ್ಯಕ್ಕೆ ಕೊಡುವ ಈ ಪದ್ಧತಿಯೇ ಒಂದು ರೂಪಾಯಿಯನ್ನು ಒಂದಾಗಿ ಇಟ್ಟಿದೆ. ಯೂರೋಪು ನಾಣ್ಯವನ್ನು ಮೊದಲು ತಂದು ಖಜಾನೆಗಳನ್ನು ಬೇರೆಯಾಗಿಯೇ ಉಳಿಸಿಕೊಂಡಿತು. 2010ರ ನಂತರ ಗ್ರೀಸಿನ ಜನ ಸಂಬಳ, ಪಿಂಚಣಿ ಕಡಿತದಲ್ಲಿ ಅದರ ಬೆಲೆ ತೆತ್ತರು. ಶ್ರೀಲಂಕಾದ ಸಾಲಕ್ಕೆ ಗೋಕಾಕದ ತೆರಿಗೆದಾರ ವರ್ಷವರ್ಷವೂ ಹೊಣೆಯಾಗಬೇಕೆಂದರೆ ಯಾವ ಸಂಸತ್ತು ಒಪ್ಪೀತು?

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಭೂತಾನದ ಙುಲ್ಟ್ರಮ್ ನಮ್ಮ ರೂಪಾಯಿಗೆ ಸಮ, ನೇಪಾಳದ 1.60 ರೂಪಾಯಿ ನಮ್ಮ ಒಂದಕ್ಕೆ ಸಮವೆಂದು 1993ರಿಂದ ನಿಗದಿಯಾಗಿದೆ. 2022ರ ಜುಲೈನಿಂದ ವಿದೇಶ ವ್ಯಾಪಾರವನ್ನು ರೂಪಾಯಿಯಲ್ಲೇ ಮುಗಿಸಲು ರಿಸರ್ವ್ ಬ್ಯಾಂಕ್ ದಾರಿ ಮಾಡಿದೆ. ಈ ದಾರಿ ಹಿಗ್ಗಬೇಕಾದರೆ ದೊಡ್ಡಣ್ಣನ ನಡವಳಿಕೆ ತಿದ್ದಿಕೊಳ್ಳಬೇಕು. 2016ರ ನೋಟು ರದ್ದತಿಯ ನಂತರ ನೇಪಾಳ ರಾಷ್ಟ್ರ ಬ್ಯಾಂಕಿನ ಬಳಿಯಿದ್ದ ನಮ್ಮ ಹಳೆಯ ನೋಟುಗಳ ಪ್ರಶ್ನೆಯನ್ನು ವರ್ಷಗಟ್ಟಲೆ ಎಳೆದೆವು. ನಮ್ಮ ನೋಟನ್ನು ನಂಬಿದವರನ್ನು ಹಾಗೆ ಕಾಯಿಸಿದ್ದು ತಪ್ಪು.

ಸದ್ಯದ ಪರಿಸ್ಥಿತಿಯಲ್ಲಿ ದಕ್ಷಿಣ ಏಷ್ಯಾಕ್ಕೆ ಸಮಾನ ನಾಣ್ಯ ಬರುವುದಿಲ್ಲ, ಬರಲೂಬಾರದು. ಬೇಕಿರುವುದು ತೆರೆದ ಗಡಿಸಂತೆ, ಇಳಿದ ಸುಂಕ, ಕೂಲಿಗೆ ಬರುವವರಿಗೆ ನೇರ ದಾರಿ. ಅದನ್ನೆಲ್ಲ ಚರ್ಚಿಸಬೇಕಾದ ಸಾರ್ಕ್ ಶೃಂಗಸಭೆಯೇ 2014ರ ಕಠ್ಮಂಡು ಸಭೆಯ ನಂತರ ಸೇರಿಲ್ಲ. ದೆಹಲಿ ಅಲ್ಲಿಂದ ಆರಂಭಿಸಲಿ.