ಕಥೋಲಿಕ ಪರಂಪರೆಯಲ್ಲಿ ಬೈಬಲ್ ವ್ಯಾಖ್ಯಾನ: ಮೂಲಾರ್ಥದ ಪ್ರಶ್ನೆ

ಒಂದು ಸಮುದಾಯ ಪವಿತ್ರವೆಂದು ನಂಬಿದ ಗ್ರಂಥವನ್ನು ವಿದ್ವಾಂಸ ಯಾವ ನೆಲೆಯಲ್ಲಿ ನಿಂತು ಓದಬೇಕು? ಶ್ರದ್ಧೆ ಮತ್ತು ಪಠ್ಯವಿಮರ್ಶೆ ಪರಸ್ಪರ ವಿರೋಧಿಗಳೆಂಬ ಗ್ರಹಿಕೆಯಿಂದ ಈ ಪ್ರಶ್ನೆಗೆ ಉತ್ತರ ದೊರೆಯದು. ಕಥೋಲಿಕ ಧರ್ಮಸಭೆಯ ಬೈಬಲ್ ವ್ಯಾಖ್ಯಾನದ ಇತಿಹಾಸವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಪಯುಕ್ತ. ಅಲ್ಲಿ ಅರ್ಥನಿರ್ಣಯದ ಅಂತಿಮ ಅಧಿಕಾರ ಧರ್ಮಸಭೆಯದು ಎಂಬುದು ನಿಜ. ಅಷ್ಟರಿಂದಲೇ ಅದನ್ನು ವಿಮರ್ಶೆಗೆ ಎಡೆಯಿಲ್ಲದ ಪರಂಪರೆಯೆಂದು ತೀರ್ಮಾನಿಸುವುದು ಅವಸರದ ಮಾತಾಗುತ್ತದೆ.

ಮಧ್ಯಯುಗದ ವ್ಯಾಖ್ಯಾನಕಾರರು ಬೈಬಲ್ಲಿನ ಮಾತಿಗೆ ನಾಲ್ಕು ಅರ್ಥಗಳನ್ನು ಹೇಳಿದರು. ಐದನೆಯ ಶತಮಾನದ ಕ್ಯಾಸಿಯನ್ ಕೊಟ್ಟ ನಿದರ್ಶನದಂತೆ, ಜೆರೂಸಲೇಮ್ ಎಂಬುದು ಮೂಲಾರ್ಥದಲ್ಲಿ ಯೆಹೂದ್ಯರ ನಗರ, ಸಾಂಕೇತಿಕಾರ್ಥದಲ್ಲಿ ಧರ್ಮಸಭೆ, ನೈತಿಕಾರ್ಥದಲ್ಲಿ ಮಾನವನ ಆತ್ಮ, ಪಾರಮಾರ್ಥಿಕವಾಗಿ ಸ್ವರ್ಗೀಯ ಪಟ್ಟಣ. ಹದಿಮೂರನೆಯ ಶತಮಾನದಲ್ಲಿ ತೋಮಸ್ ಅಕ್ವಿನಾಸ್ ಈ ಅರ್ಥಗಳಿಗೆಲ್ಲ ಮೂಲಾರ್ಥವೇ ತಳಹದಿಯೆಂದೂ ವಾದವನ್ನು ಮೂಲಾರ್ಥದಿಂದ ಮಾತ್ರ ಕಟ್ಟಬಹುದೆಂದೂ ಸ್ಪಷ್ಟಪಡಿಸಿದನು.

ಈ ಮೂಲಾರ್ಥವನ್ನು ಭಾರತೀಯ ಕಾವ್ಯಮೀಮಾಂಸೆಯ ವಾಚ್ಯಾರ್ಥದೊಡನೆ ಸಮೀಕರಿಸಿದರೆ ತಪ್ಪಾಗುತ್ತದೆ. ದೇವರ ಬಾಹು ಎಂದಾಗ ದೇವರಿಗೆ ತೋಳಿದೆಯೆಂಬುದು ಮೂಲಾರ್ಥವಲ್ಲ, ದೇವರ ಕರ್ತೃತ್ವಶಕ್ತಿಯೇ ಮೂಲಾರ್ಥ ಎನ್ನುತ್ತಾನೆ ಅಕ್ವಿನಾಸ್. ಎಂದರೆ ನಾವು ಲಕ್ಷ್ಯಾರ್ಥವೆನ್ನುವುದೂ ಮೂಲಾರ್ಥದೊಳಗೇ ಸೇರುತ್ತದೆ. ಉಳಿದ ಮೂರು ಅರ್ಥಗಳನ್ನು ಧ್ವನಿಯೆನ್ನುವುದೂ ಸರಿಯಲ್ಲ. ಧ್ವನಿ ಕಾವ್ಯೋಕ್ತಿಯ ವ್ಯಾಪಾರ. ಇಲ್ಲಿಯಾದರೋ ಮಾತು ಸೂಚಿಸಿದ ಘಟನೆಯೇ ಇನ್ನೊಂದು ಘಟನೆಯನ್ನು ಸೂಚಿಸುತ್ತದೆ. ಹೋಶೇಯನ ಗ್ರಂಥದ ಹನ್ನೊಂದನೆಯ ಅಧ್ಯಾಯದಲ್ಲಿ ಈಜಿಪ್ಟಿನಿಂದ ಕರೆತಂದ ಮಗನೆಂದರೆ ಇಸ್ರಾಯೇಲ್ ಜನಾಂಗ. ಮತ್ತಾಯನು ಅದೇ ಮಾತನ್ನು ಬಾಲಯೇಸುವಿಗೆ ಅನ್ವಯಿಸುತ್ತಾನೆ. ಮೊದಲನೆಯ ಅರ್ಥ ಅಳಿದರೆ ಎರಡನೆಯದಕ್ಕೆ ಆಧಾರವೇ ಇರುವುದಿಲ್ಲ.

ಈ ತತ್ತ್ವವನ್ನು ಒಪ್ಪಿದ ಪರಂಪರೆಯೇ ಮೂಲಾರ್ಥದ ಶೋಧಕರನ್ನು ಸಂಶಯದಿಂದ ಕಂಡದ್ದೂ ಉಂಟು. ಟ್ರೆಂಟ್ ಮಹಾಸಭೆ 1546ರಲ್ಲಿ, ಧರ್ಮಸಭೆಯ ಅರ್ಥಕ್ಕೆ ವಿರುದ್ಧವಾಗಿ ಯಾರೂ ವ್ಯಾಖ್ಯಾನಿಸಕೂಡದೆಂದು ವಿಧಿಸಿತು. 1906ರಲ್ಲಿ ಪೋಪರ ಬೈಬಲ್ ಆಯೋಗವು, ಪಂಚಗ್ರಂಥಗಳ ಕರ್ತೃ ಮೋಶೆಯಲ್ಲವೆಂಬ ವಾದಕ್ಕೆ ಸಾಕಷ್ಟು ಪ್ರಮಾಣವಿಲ್ಲವೆಂದು ತೀರ್ಪಿತ್ತಿತು. 1890ರಲ್ಲಿ ಜೆರೂಸಲೇಮಿನಲ್ಲಿ ಬೈಬಲ್ ಅಧ್ಯಯನಶಾಲೆಯನ್ನು ಸ್ಥಾಪಿಸಿದ ಲಗ್ರಾಂಜ್ ಅವರ ಹಲವು ಕೃತಿಗಳನ್ನು 1912ರಲ್ಲಿ ಸೆಮಿನರಿಗಳ ಬೋಧನೆಯಿಂದ ಹೊರಗಿಡಲಾಯಿತು. 1943ರಲ್ಲಿ ಹನ್ನೆರಡನೆಯ ಪಿಯುಸ್ ಪೋಪರು ಮೂಲಭಾಷೆಗಳ ಹಾಗೂ ಪ್ರಾಚೀನ ಸಾಹಿತ್ಯಪ್ರಕಾರಗಳ ಅಧ್ಯಯನವನ್ನು ಅಗತ್ಯವೆಂದು ಸಾರಿದಾಗ ಲಗ್ರಾಂಜ್ ತೀರಿಕೊಂಡು ಐದು ವರ್ಷಗಳಾಗಿದ್ದವು. ಎರಡನೆಯ ವ್ಯಾಟಿಕನ್ ಮಹಾಸಭೆಯ 1965ರ ‘ದೇಯಿ ವೆರ್ಬುಮ್’ ಈ ನಿಲುವನ್ನು ದೃಢಪಡಿಸಿತಲ್ಲದೆ, ಬೋಧನಾಧಿಕಾರವು ದೈವವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವೆಗಾಗಿ ಇರುವುದು ಎಂದಿತು. 1993ರಲ್ಲಿ ಅದೇ ಬೈಬಲ್ ಆಯೋಗ ಐತಿಹಾಸಿಕ ವಿಮರ್ಶೆಯನ್ನು ಅನಿವಾರ್ಯವೆಂದು ಕರೆದು, ಕಥನಶಾಸ್ತ್ರ, ಸಮಾಜಶಾಸ್ತ್ರ, ಸ್ತ್ರೀವಾದಗಳ ಓದುಗಳನ್ನೂ ಪರಿಶೀಲಿಸಿತು. ಅದು ಅತ್ಯಂತ ಕಟುವಾಗಿ ಖಂಡಿಸಿದ್ದು ಮೂಲಭೂತವಾದಿ ಓದನ್ನು.

ಈ ಇತಿಹಾಸವನ್ನು ಉದಾರತೆಯ ಕಥೆಯೆಂದು ಹೊಗಳುವುದು ಸಾಧುವಲ್ಲ. ಪರಂಪರೆ ತನ್ನನ್ನು ತಾನು ತಿದ್ದಿಕೊಂಡಿತು. ಆ ತಿದ್ದುಪಡಿಯ ಬೆಲೆಯನ್ನು ಒಂದು ತಲೆಮಾರಿನ ವಿದ್ವಾಂಸರು ತೆತ್ತರು. ಅಧಿಕಾರವು ವಾಕ್ಯದ ಸೇವಕನೆಂಬ ಮಾತನ್ನು ಈ ಅನುಭವದ ಎದುರಿನಲ್ಲಿಟ್ಟೇ ಅಳೆಯಬೇಕು. ವಿಶ್ವವಿದ್ಯಾಲಯದ ಸಂಶೋಧನೆ ಯಾವ ಬೋಧನಾಧಿಕಾರಕ್ಕೂ ತಲೆಬಾಗಲಾರದು, ಬಾಗಲೂಬಾರದು.

ಹಾಗಿದ್ದೂ ಇಲ್ಲಿ ಕನ್ನಡ ಅಧ್ಯಯನಕ್ಕೆ ಒಂದು ಪಾಠವಿದೆ. ಹನ್ನೆರಡನೆಯ ಶತಮಾನದ ವಚನಗಳು ಬಹುಮಟ್ಟಿಗೆ ನಮಗೆ ದೊರೆತಿರುವುದು ನಂತರದ ಶತಮಾನಗಳ ಸಂಕಲನಕಾರರ ಮೂಲಕ. ಷಟ್‌ಸ್ಥಲದ ಚೌಕಟ್ಟಿನಲ್ಲಿ ಜೋಡಿಸಿದಾಗ ವಚನವೊಂದು ಪಡೆಯುವ ಅರ್ಥ ಬೇರೆ, ವಚನಕಾರನ ಸಂದರ್ಭದಲ್ಲಿ ಅದಕ್ಕಿದ್ದ ಅರ್ಥ ಬೇರೆ ಆಗಿರಬಹುದು. ಮೊದಲನೆಯದನ್ನು ಕೇವಲ ಆರೋಪವೆಂದು ತಳ್ಳಿಹಾಕಿದರೆ ಆ ವಚನವನ್ನು ಶತಮಾನಗಳ ಕಾಲ ಬದುಕಿದ ಸಮುದಾಯದ ಓದು ಕಣ್ಮರೆಯಾಗುತ್ತದೆ; ಎರಡನೆಯದರ ಶೋಧವನ್ನು ಶ್ರದ್ಧಾಭಂಗವೆಂದು ತಡೆದರೆ ವಚನಕಾರನೇ ಕಣ್ಮರೆಯಾಗುತ್ತಾನೆ. ಎರಡು ಅರ್ಥಗಳನ್ನೂ ಬೇರ್ಪಡಿಸಿ ಗುರುತಿಸುವುದು, ಮೂಲಾರ್ಥದ ಶೋಧಕ್ಕೆ ಅಡ್ಡಿಯಿಲ್ಲದಂತೆ ಕಾಯುವುದು, ಸಮುದಾಯದ ಅರ್ಥವನ್ನು ಅದರ ಇತಿಹಾಸಸಮೇತ ದಾಖಲಿಸುವುದು ಸಂಶೋಧಕನ ಹೊಣೆ. ಕಥೋಲಿಕ ಬೈಬಲ್ ವ್ಯಾಖ್ಯಾನವನ್ನು ಕೇವಲ ಮತೀಯ ವಿಷಯವೆಂದು ಬದಿಗಿಡದೆ, ವ್ಯಾಖ್ಯಾನಶಾಸ್ತ್ರದ ಭಾಗವಾಗಿ ಕನ್ನಡ ವಿಭಾಗಗಳು ಅಭ್ಯಸಿಸಬೇಕಾದ ಅಗತ್ಯ ಇಲ್ಲಿದೆ.