ಐದನೇ ತಿಂಗಳ ಸ್ಕ್ಯಾನಿಂಗ್ ಮುಂದೂಡಬೇಡಿ

"ಸೀಮಂತ ಮುಗಿಯಲಿ ಡಾಕ್ಟ್ರೇ, ಆಮೇಲೆ ಸ್ಕ್ಯಾನಿಂಗ್ ಮಾಡಿಸ್ತೀವಿ" ಎನ್ನುವ ಅತ್ತೆಯಂದಿರು ಈಗಲೂ ಇದ್ದಾರೆ. ಬಹಳ ಮನೆಗಳಲ್ಲಿ ಸೀಮಂತ ನಡೆಯುವುದು ಏಳನೇ ತಿಂಗಳಲ್ಲಿ. ಮಗುವಿನ ಅಂಗಾಂಗಗಳನ್ನು ಪರೀಕ್ಷಿಸುವ ಸ್ಕ್ಯಾನಿಂಗ್‌ಗೆ ಸರಿಯಾದ ಕಾಲ 18ರಿಂದ 20 ವಾರ. ಈ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಬೇಕು.

ಈ ಹೊತ್ತಿಗೆ ಮಗುವಿನ ತಲೆ, ಬೆನ್ನುಮೂಳೆ, ಹೃದಯದ ನಾಲ್ಕು ಕೋಣೆಗಳು, ಮೂತ್ರಪಿಂಡ, ಕೈಕಾಲುಗಳು ಸಾಕಷ್ಟು ಸ್ಪಷ್ಟವಾಗಿ ಕಾಣುತ್ತವೆ. ಸುತ್ತಲಿನ ನೀರು ಎಷ್ಟಿದೆ, ಮಾಸು ಎಲ್ಲಿದೆ ಎಂಬುದೂ ತಿಳಿಯುತ್ತದೆ. 'ಮಾಸು ಕೆಳಗಿದೆ' ಎಂದು ವರದಿ ಬಂದರೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಗರ್ಭಕೋಶ ಬೆಳೆದಂತೆ ಹೆಚ್ಚಿನವರಲ್ಲಿ ಅದು ಮೇಲಕ್ಕೆ ಸರಿಯುತ್ತದೆ. ಎಂಟನೇ ತಿಂಗಳಲ್ಲಿ ಮತ್ತೊಮ್ಮೆ ನೋಡಿಸಬೇಕು. ನಡುವೆ ರಕ್ತಸ್ರಾವವಾದರೆ ಮಾತ್ರ ಕೂಡಲೇ ಆಸ್ಪತ್ರೆಗೆ ಹೋಗಿ.

ವರದಿ 'ನಾರ್ಮಲ್' ಇದ್ದರೆ ಯಾವ ದೋಷವೂ ಇಲ್ಲವೆಂಬ ಗ್ಯಾರಂಟಿಯಲ್ಲ. ಡೌನ್ ಸಿಂಡ್ರೋಮ್ ಇರುವ ಮಗುವೂ ಈ ಸ್ಕ್ಯಾನಿಂಗ್‌ನಲ್ಲಿ ಸಹಜವಾಗಿ ಕಾಣಬಹುದು. ಅದಕ್ಕೆ ಬೇರೆ ಪರೀಕ್ಷೆಗಳಿವೆ.

ಹಾಗಾದರೆ ತಡವೇಕೆ ಕೂಡದು? ಹೃದಯದಲ್ಲಿ ದೋಷ ಕಂಡಿತೆನ್ನಿ. ಇನ್ನೊಬ್ಬ ತಜ್ಞರಿಗೆ ತೋರಿಸಬೇಕು, ಶಿಶು ಚಿಕಿತ್ಸೆಯ ಸೌಲಭ್ಯವಿರುವ ಕಡೆ ಹೆರಿಗೆಗೆ ಏರ್ಪಾಡು ಮಾಡಬೇಕು. ದೋಷ ತೀರಾ ಗಂಭೀರವಾಗಿದ್ದರೆ ಗರ್ಭ ಮುಂದುವರಿಸುವುದೋ ಬೇಡವೋ ಎಂದು ದಂಪತಿ ಕೂತು ಯೋಚಿಸಬೇಕು. 2021ರ ತಿದ್ದುಪಡಿಯ ನಂತರ, 24 ವಾರ ದಾಟಿದ ಮೇಲೆ ಇಂಥ ಗರ್ಭಪಾತಕ್ಕೆ ವೈದ್ಯಕೀಯ ಮಂಡಳಿಯ ಒಪ್ಪಿಗೆ ಬೇಕು. ನೊಂದ ತಾಯಿಗೆ ಆ ಅಲೆದಾಟ ಬೇರೆ!

ಗಂಡೋ ಹೆಣ್ಣೋ ಎಂದು ಮಾತ್ರ ಕೇಳಬೇಡಿ. 1994ರ ಕಾಯ್ದೆಯಂತೆ ಅದನ್ನು ಹೇಳುವುದೂ ಹೇಳಿಸಿಕೊಳ್ಳುವುದೂ ಅಪರಾಧ.

ಹೋಗುವಾಗ ಹಳೆಯ ವರದಿಗಳನ್ನು ಒಯ್ಯಿರಿ. ಉಪವಾಸ ಬೇಕಿಲ್ಲ, ಸೊಸೆಗೆ ತಿಂಡಿ ಕೊಟ್ಟೇ ಕಳಿಸಿ.