ಮುಚ್ಚಬೇಕಿತ್ತು, ಮುಚ್ಚಿದೆ

ನಮ್ಮ ಪೈಕಿ ಒಬ್ಬರು ಪೈಪ್ ಕೆಲಸದವರು. ಸೈಟ್‌ನಲ್ಲಿ ನೀರು ಸೋರಿ ಸಾಮಾನು ಹಾಳಾದಾಗ, ನಡೆದದ್ದನ್ನು ಬರೆದುಕೊಡಿ ಎಂದು ಫೋರ್‌ಮನ್ ಕಾಗದ ಕೊಟ್ಟರು. ಇವರ ಮನಸ್ಸಿನಲ್ಲಿದ್ದದ್ದು ‘ವಾಲ್ವ್ ಮುಚ್ಚಬೇಕಿತ್ತು, ಮುಚ್ಚಿದೆ’ ಎಂದು. ಬರೆದದ್ದು ‘ಐ ಶುಡ್ ಹ್ಯಾವ್ ಕ್ಲೋಸ್ಡ್ ದ ವಾಲ್ವ್’. ಸಹಿಯನ್ನೂ ಹಾಕಿದರು. ಆಫೀಸಿನವರಿಗೆ ಅದು ತಪ್ಪೊಪ್ಪಿಗೆ: ಮುಚ್ಚಬೇಕಿತ್ತು, ಆದರೆ ಮುಚ್ಚಲಿಲ್ಲ. ವಾರ್ನಿಂಗ್ ಲೆಟರ್ ಬಂದ ಮೇಲೆಯೇ ನಮಗೆಲ್ಲ ವಿಷಯ ತಿಳಿದದ್ದು.

ಇದರಲ್ಲಿ ಅವರ ದಡ್ಡತನವೇನೂ ಇಲ್ಲ. ನಮ್ಮ ‘ಬೇಕಿತ್ತು’ ಎರಡು ಕೆಲಸ ಮಾಡುತ್ತದೆ. ‘ನಿನ್ನೆ ಬ್ಯಾಂಕಿಗೆ ಹೋಗಬೇಕಿತ್ತು, ಅದಕ್ಕೇ ರಜೆ ಹಾಕಿದೆ’ ಎಂದರೆ ಹೋಗಿ ಬಂದಿದ್ದೇವೆ. ‘ಛೆ, ನಿನ್ನೆಯೇ ಹೋಗಬೇಕಿತ್ತು’ ಎಂದರೆ ಹೋಗಿಲ್ಲ. ಕೇಳುವವರಿಗೆ ದನಿಯಲ್ಲೇ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಇವು ಬೇರೆ ಬೇರೆ: ಅನಿವಾರ್ಯವಾಗಿ ಮಾಡಿದ್ದಕ್ಕೆ ‘ಹ್ಯಾಡ್ ಟು’, ಮಾಡದೆ ಬಿಟ್ಟದ್ದಕ್ಕೆ ‘ಶುಡ್ ಹ್ಯಾವ್’. ಫೋನಿನಲ್ಲಿ ಅನುವಾದ ಮಾಡಿಕೊಂಡರಾಯಿತು ಎನ್ನುವವರಿದ್ದಾರೆ. ಬರೀ ‘ಮುಚ್ಚಬೇಕಿತ್ತು’ ಎಂದು ಕೊಟ್ಟರೆ ಪಾಪ ಫೋನಾದರೂ ಯಾವುದೆಂದು ಆರಿಸೀತು?

ಉಳಿದವಕ್ಕೆ ಕನ್ನಡವೇ ದಾರಿ ತೋರಿಸುತ್ತದೆ. ‘ಮುಚ್ಚಿರಬೇಕು’ ಎಂಬ ಗಟ್ಟಿ ಊಹೆಗೆ ‘ಮಸ್ಟ್ ಹ್ಯಾವ್ ಕ್ಲೋಸ್ಡ್’. ‘ಮುಚ್ಚಿರಬಹುದು’ ಎಂಬ ಅನುಮಾನಕ್ಕೆ ‘ಮೈಟ್ ಹ್ಯಾವ್’. ‘ಮುಚ್ಚಬಹುದಿತ್ತು’ ಎಂದರೆ ‘ಕುಡ್ ಹ್ಯಾವ್’, ಅಂದರೆ ಅವಕಾಶವಿತ್ತು, ಮುಚ್ಚಲಿಲ್ಲ. ಕಷ್ಟಪಟ್ಟು ಮುಚ್ಚಿದವರೂ ‘ಕುಡ್ ಹ್ಯಾವ್’ ಎಂದು ಬರೆದದ್ದನ್ನು ನೋಡಿದ್ದೇವೆ. ಅಲ್ಲಿ ‘ವಾಸ್ ಏಬಲ್ ಟು’ ಬರಬೇಕು. ‘ನೀಡಂಟ್ ಹ್ಯಾವ್’ ಮಾತ್ರ ತಿರುಗುಮುರುಗು: ಬೇಕಿರಲಿಲ್ಲ, ಆದರೂ ಮಾಡಿದೆ.

ನಮ್ಮ ಸಂಘಗಳ ರಜೆ ದಿನದ ಇಂಗ್ಲಿಷ್ ತರಗತಿಗಳಲ್ಲಿ ಸ್ವಪರಿಚಯ, ಇಂಟರ್‌ವ್ಯೂ, ಕಾಲಗಳ ಪಟ್ಟಿ ಎಲ್ಲ ಆಗುತ್ತದೆ. ಇದಕ್ಕೆ ಬರುವಷ್ಟರಲ್ಲಿ ಅರ್ಧ ಜನ ಡ್ಯೂಟಿ ಬದಲಾಗಿ ಹೋಗಿರುತ್ತಾರೆ. ನಾವು ಹೇಳುವುದು, ಮೊದಲ ತಿಂಗಳಲ್ಲೇ ಇದನ್ನು ಕಲಿಸಿ, ಅದೂ ಕನ್ನಡದ ಮೂಲಕ. ಇಂಟರ್‌ವ್ಯೂ ವರ್ಷಕ್ಕೊಮ್ಮೆಯೂ ಇರುವುದಿಲ್ಲ. ಸ್ಟೇಟ್‌ಮೆಂಟ್ ಯಾವ ದಿನ ಬೇಕಾದರೂ ಕೇಳುತ್ತಾರೆ.

ಅಲ್ಲಿಯವರೆಗೆ, ಬರೆಯಬೇಕಾಗಿ ಬಂದರೆ ಈ ‘ಹ್ಯಾವ್’ಗಳ ಸಹವಾಸವೇ ಬೇಡ. ‘ಐ ಕ್ಲೋಸ್ಡ್ ದ ವಾಲ್ವ್ ಅಟ್ ಟೆನ್’ ಎಂದು ನಡೆದದ್ದನ್ನು ನಡೆದಂತೆ, ಗಂಟೆ ಸಮೇತ ಬರೆಯೋಣ. ಸಹಿಗೆ ಮುಂಚೆ ಇಂಗ್ಲಿಷ್ ಬಲ್ಲ ರೂಮಿನವರಿಗೊಮ್ಮೆ ತೋರಿಸೋಣ. ನಾಚಿಕೆ ಯಾತಕ್ಕೆ?

ಪೈಪ್ ಕೆಲಸದವರಿಗೆ ನಾವೆಲ್ಲ ಕೂತು ಎರಡನೆಯ ಪತ್ರ ಬರೆದುಕೊಟ್ಟೆವು. ಆಫೀಸಿನವರು ತೆಗೆದುಕೊಂಡರು. ಮೊದಲನೆಯದೂ ಫೈಲಿನಲ್ಲೇ ಇದೆ.